ನಾಲ್ಕು ಗುಮ್ಮನ ಪೆಟ್ಟಿಗೆ

ನನ್ನ ತಮ್ಮ ತ್ರಿವಿಕ್ರಮ ಮಾತು ಬಿಟ್ಟದ್ದು ಒಂದು ಸೊಳ್ಳೆಯ ದೆಸೆಯಿಂದ. ಕಚ್ಚುವ ಸೊಳ್ಳೆಯಲ್ಲ, ಅವನ ಹೆಂಡತಿ ಇಂದುಮತಿಯ ಬಾಯಿಂದ ಹೊರಬಿದ್ದ ಸೊಳ್ಳೆ. ಅದನ್ನು ಹೇಳುವ ಮೊದಲು ನಮ್ಮೂರಿನ ದನಿಗಳ ವಿಷಯ ಒಂದಿಷ್ಟು ಹೇಳದಿದ್ದರೆ, ಆ ಹುಡುಗಿ ಸುಮ್ಮಸುಮ್ಮನೆ ಗಂಡನನ್ನು ಹೀಯಾಳಿಸಿದಳು ಎಂದು ನೀವು ತಿಳಿದುಕೊಳ್ಳುತ್ತೀರಿ.

ನಮ್ಮೂರು ಒಂದು ಗುಡ್ಡದ ನೆತ್ತಿಯಲ್ಲೂ ಅದರ ಬುಡದಲ್ಲೂ ಹಂಚಿಕೊಂಡು ಕೂತಿದೆ. ನೆತ್ತಿಯದು ಮೇಲ್ಪೇಟೆ, ಬುಡದ್ದು ಕೆಳಪೇಟೆ, ನಡುವೆ ಕಲ್ಲಿನ ಮೆಟ್ಟಿಲು. ನಮ್ಮಲ್ಲಿ ದಪ್ಪ ದನಿ ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಚೆಲ್ಲಿದ ನೀರಿನ ಹಾಗೆ ಇಳಿಜಾರು ಹುಡುಕಿಕೊಂಡು ಹೊಸ್ತಿಲು ದಾಟಿ, ಮೆಟ್ಟಿಲಿಳಿದು ಕೆಳಪೇಟೆ ಸೇರಿಬಿಡುತ್ತದೆ. ತೆಳ್ಳನೆಯ ದನಿ ಹೊಗೆಯಂತೆ ಮೇಲಕ್ಕೆ ಬರುತ್ತದೆ. ಹಾಗಾಗಿ ಮೇಲ್ಪೇಟೆಯಲ್ಲಿ ಗುಡುಗು ಎಂದರೆ ಯಾರೋ ಪಕ್ಕದ ಕೋಣೆಯಲ್ಲಿ ಕಾಗದ ಹರಿದ ಹಾಗೆ. ಮದುವೆಯಲ್ಲಿ ಡೋಲಿನವರು ನಮ್ಮ ಅಂಗಳದಲ್ಲಿ ನಿಂತು ಬೆವರು ಸುರಿಸಿ ಬಾರಿಸುತ್ತಾರೆ, ಕುಣಿಯುವವರು ಕೆಳಪೇಟೆಯಲ್ಲಿ ಕುಣಿಯುತ್ತಾರೆ. ಕೆಳಗಿನವರು ಹೊಸ್ತಿಲನ್ನು ಮೊಣಕಾಲೆತ್ತರ ಕಟ್ಟಿಸಿಕೊಂಡು, ಪಾತ್ರೆಗಳ ನಡುವೆ ಹಳೆ ಬಟ್ಟೆ ತುರುಕಿಟ್ಟು ಬಾಳುತ್ತಾರೆ. ನಾವು ಅವರ ಗೆಜ್ಜೆ, ಸೈಕಲ್ ಬೆಲ್ಲು, ಹೆಂಗಸರ ನಗು ಕೇಳಿಕೊಂಡು ಬಾಳುತ್ತೇವೆ. ಇದರಿಂದ ಯಾರಿಗೂ ದೊಡ್ಡ ತೊಂದರೆಯೇನಿಲ್ಲ. ಮೇಲ್ಪೇಟೆಯ ಗಂಡಸರ ದನಿ ಮಾತ್ರ, ದಪ್ಪವೆಲ್ಲ ಕೆಳಗೆ ಹರಿದುಹೋಗಿ, ಮೇಲೆ ಇರುವಷ್ಟು ಹೊತ್ತೂ ಕೀರಲು. ಅದಕ್ಕೇ ನಮ್ಮ ಗಂಡುಗಳಿಗೆ ಹೆಣ್ಣು ಕೊಡುವ ಮುಂಚೆ ಹುಡುಗನನ್ನು ಕೆಳಗೆ ಕರೆಸಿ, ಜಗಲಿಯ ಮೇಲೆ ಕೂರಿಸಿ, ಮಾತಾಡಿಸಿ ನೋಡುವ ಪದ್ಧತಿ.

ತ್ರಿವಿಕ್ರಮನನ್ನೂ ಹಾಗೇ ಕರೆಸಿದ್ದರು. "ಹೆಸರೇನಪ್ಪಾ?" ಎಂದು ಇಂದುಮತಿಯ ಸೋದರತ್ತೆ ಕೇಳಿದರಂತೆ. ಇವನು ಹೆಸರು ಹೇಳಿದನಂತೆ. ಅಷ್ಟಕ್ಕೇ ಗೋಡೆಯ ಕನ್ನಡಿ ಝುಂ ಎಂದಿತಂತೆ, ಒಳಗೆ ಉಪ್ಪಿಟ್ಟು ಕೆದಕುತ್ತಿದ್ದ ಇಂದುಮತಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಳಂತೆ. ಇದೆಲ್ಲ ಅವಳೇ ಹೇಳಿದ್ದು. ನನಗೆ ಅವನ ಕೆಳಪೇಟೆಯ ದನಿ ಗೊತ್ತಿಲ್ಲ. ಅವನು ಹುಡುಗನಾಗಿದ್ದಾಗ ಇಬ್ಬರೂ ಜೊತೆಯಾಗಿ ಕೆಳಗೆ ಹೋಗುತ್ತಿದ್ದೆವು, ಆಗಿನ್ನೂ ಅವನ ಗಂಟಲು ಒಡೆದಿರಲಿಲ್ಲ. ಆಮೇಲೆ ನನ್ನ ಮಂಡಿ ಕೈಕೊಟ್ಟಿತು, ಮೆಟ್ಟಿಲು ಬಿಟ್ಟೆ.

ಮದುವೆಯಾಗಿ ಮೇಲೆ ಬಂದ ಇಂದುಮತಿ ಒಂದು ಉಪಾಯ ಮಾಡಿಕೊಂಡಿದ್ದಳು. ಪ್ರತಿ ಭಾನುವಾರ ಗಂಡನನ್ನು ಕರೆದುಕೊಂಡು ತವರಿಗೆ ಇಳಿಯುವುದು, ಅವನ ಕೈಗೆ ಪೇಪರು ಕೊಟ್ಟು ಗಟ್ಟಿಯಾಗಿ ಓದಿಸುವುದು. ಸುದ್ದಿ ಮುಗಿದರೆ ಟೆಂಡರು, ಟೆಂಡರು ಮುಗಿದರೆ ಶ್ರದ್ಧಾಂಜಲಿ. ಅವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಕೇಳುವಳು. ಆ ಒಂದು ಹೊತ್ತಿನ ದನಿಯನ್ನು ವಾರವಿಡೀ ಇಟ್ಟುಕೊಂಡು ತಿನ್ನುವಳು. ಮೇಲ್ಪೇಟೆಯ ನೀರಿನ ಟ್ಯಾಂಕಿನಲ್ಲಿ ವಾಲ್ವು ತಿರುಗಿಸುವ ನನ್ನ ತಮ್ಮನಿಗೂ ಯಾರೋ ಕಣ್ಣು ಮುಚ್ಚಿ ತನ್ನ ಮಾತು ಕೇಳುವುದು ಹಿತವಾಗಿತ್ತು.

ಹೀಗಿರುವಾಗ ಅವನು ಮಾವನ ಮನೆಗೆಂದು ಹಲಸಿನ ಹಣ್ಣು ಹೊತ್ತು ಮೆಟ್ಟಿಲಿಳಿಯುತ್ತ ಜಾರಿದ. ಹಣ್ಣು ಒಂದು ಗೀರೂ ಇಲ್ಲದೆ ಕೆಳಪೇಟೆ ತಲುಪಿತು. ಇವನು ಅರ್ಧ ದಾರಿಯಲ್ಲಿ ಕಾಲು ಮುರಿದುಕೊಂಡು ಕೂತ. ಸೊಂಟದವರೆಗೆ ಪ್ಲಾಸ್ಟರ್ ಹಾಕಿದ ಡಾಕ್ಟರು, ಮಳೆಗಾಲ ಕಳೆಯುವವರೆಗೆ ಮೆಟ್ಟಿಲ ಹೆಸರೆತ್ತಬಾರದು ಎಂದರು. ಅಲ್ಲಿಗೆ ಭಾನುವಾರಗಳು ನಿಂತವು.

ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕೂತವನಿಗೆ ಬೇಸರ. ಬೇಸರ ಬಂದವನಿಗೆ ಮಾತು ಜಾಸ್ತಿ. "ಇಂದೂ, ಕಾಫಿ", "ಇಂದೂ, ಬೀಸಣಿಗೆ", "ಇಂದೂ, ಆ ಕಿಟಕಿ ಯಾಕೆ ಬಡ್ಕೊಳ್ತಿದೆ?" ಎಲ್ಲವೂ ಆ ಕೀರಲಿನಲ್ಲೇ. ಇಂದುಮತಿ ಮೊದಮೊದಲು ಸಹಿಸಿದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ದೋಸೆ ಕಾವಲಿಯ ಮುಂದೆ ನಿಂತವಳು ನನ್ನ ಕಡೆ ತಿರುಗಿ, "ಸಾಕಾಗ್ಹೋಯ್ತು ಅತ್ತಿಗೆ. ಇಡೀ ದಿನ ಕಿವಿ ಹತ್ರ ಸೊಳ್ಳೆ ಗುಂಯ್‌ಗುಟ್ಟಿದಂಗೆ ಇರುತ್ತೆ" ಎಂದಳು.

ಬೇಸರಕ್ಕೆ ಅಂದ ಮಾತು. ಆದರೆ ಅವಳದೂ ತೆಳು ದನಿ. ಮೇಲ್ಪೇಟೆಯಲ್ಲಿ ತೆಳು ದನಿಗೆ ಗೋಡೆ ಯಾವ ಲೆಕ್ಕ! ತಮ್ಮ ಕೂತಿದ್ದ ಹಾಲಿನಲ್ಲಿ ಬೀಸಣಿಗೆಯ ಸದ್ದು ನಿಂತಿತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ದೋಸೆ ಸೀಯಿತು.

ಅಂದಿನಿಂದ ತ್ರಿವಿಕ್ರಮ ತುಟಿ ಬಿಚ್ಚಲಿಲ್ಲ. ಕಾಫಿ ಬೇಕಾದರೆ ಊರುಗೋಲಿನಿಂದ ಲೋಟ ತಟ್ಟುವನು, ಊಟ ಬೇಕಾದರೆ ತಟ್ಟೆ. ಇಂದುಮತಿ ಕಾಲ ಬಳಿ ಕೂತು, "ತಪ್ಪಾಯ್ತು ರೀ, ಬಾಯಿ ಜಾರ್ತು" ಎಂದು ಅತ್ತರೂ ಅವನು ತೊಲೆ ಎಣಿಸುವವನ ಹಾಗೆ ಮೇಲೆ ನೋಡುತ್ತ ಕೂರುವನು. ನಾನು ಬೈದೆ, ರಮಿಸಿದೆ, ಅವನಿಗಿಷ್ಟವಾದ ಹಾಲುಬಾಯಿ ಮಾಡಿಕೊಟ್ಟು ನೋಡಿದೆ. ಹಾಲುಬಾಯಿ ತಿಂದ. ಬಾಯಿ ಮಾತ್ರ ಬಿಡಲಿಲ್ಲ.

ಒಂದು ದಿನ ಇಂದುಮತಿ ಚೀಲಕ್ಕೆ ಎರಡು ಸೀರೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು. "ಅಮ್ಮನ ಮನೆಗೆ ಹೋಗ್ತೀನಿ ಅತ್ತಿಗೆ. ನನ್ನ ಮುಖ ಕಂಡ್ರೆ ಅವರಿಗೂ ಸಂಕಟ. ಅವರು ಸುಮ್ನಿರೋದು ಕಂಡ್ರೆ ನಂಗೂ ಸಂಕಟ." ತಮ್ಮ ಅವಳು ಹೋಗುವುದನ್ನು ನೋಡಿದ. ಊರುಗೋಲು ಎತ್ತಿದ, ಏನೋ ತಟ್ಟುತ್ತಾನೆ ಅಂದುಕೊಂಡೆ. ಮತ್ತೆ ಕೆಳಗಿಟ್ಟ. ಅವತ್ತು ರಾತ್ರಿ ಅವನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ನನ್ನ ತಟ್ಟೆಯಲ್ಲೂ ಅಷ್ಟೆ. ಮಾತಿಲ್ಲದ ಮನೆಯಲ್ಲಿ ಇನ್ನು ನಾವಿಬ್ಬರೇ ಲೋಟ ತಟ್ಟಿಕೊಂಡು ಮುದುಕರಾಗುವುದು ಅಂದುಕೊಂಡೆ.

ಮಾರನೆಯ ದಿನ ಊಟದ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿತು. ಇಂದುಮತಿ ಮುಂದೆ, ಅವಳ ಹಿಂದೆ ಕೆಳಪೇಟೆಯ ಸೌಂಡ್‌ಸಿಸ್ಟಂ ಅಂಗಡಿಯ ಮೆಹಬೂಬಣ್ಣ, ಅವನ ಹಿಂದೆ ಇಬ್ಬರು ಹಮಾಲರು, ಹಮಾಲರ ತಲೆಯ ಮೇಲೆ ಕಪ್ಪು ಪೆಟ್ಟಿಗೆಗಳು.

"ಏನೇ ಇದು?" ಎಂದೆ.

"ಹೋಮ್ ಥಿಯೇಟರು ಅತ್ತಿಗೆ. ಇದು ರಿಸೀವರ್ರು, ದನಿ ಹಿಡಿದು ಪೆಟ್ಟಿಗೆಗೆ ಕಳಿಸೋದು. ಇದು ಸಬ್‌ವೂಫರ್ರು. ದಪ್ಪ ದನಿಗೆ ಅಂತಲೇ ಮಾಡಿರೋದು." ಅವಳ ಕಣ್ಣು ಹೊಳೆಯುತ್ತಿತ್ತು. "ಅವರ ದನಿ ಬಾಯಿಂದ ಬಿದ್ದ ತಕ್ಷಣ ಮೈಕಿನಲ್ಲಿ ಹಿಡೀಬೇಕು. ಕೆಳಗೆ ಹರಿದು ಹೋಗೋಕೆ ಮುಂಚೆ ಇದರೊಳಗಿಂದ ಮನೆಗೆ ತುಂಬಿಸ್ಬೇಕು."

ನನಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ಮುಂದೆ ಒಂದು ಗುಂಡನೆ ಬಾಯಿ ಬಿಟ್ಟುಕೊಂಡಿದ್ದ ಆ ಕಪ್ಪು ಡಬ್ಬಕ್ಕೆ ನಾನು ಗುಮ್ಮನ ಪೆಟ್ಟಿಗೆ ಎಂದೆ. ಮನೆಯಲ್ಲಿ ಅದೇ ಉಳಿಯಿತು.

"ಕೆಳಗೆ ಇದನ್ನ ಯಾರೂ ಮುಟ್ಟಲ್ಲ ಅಕ್ಕೋರೆ," ಎಂದ ಮೆಹಬೂಬಣ್ಣ, ಬೆವರು ಒರೆಸಿಕೊಳ್ಳುತ್ತ. "ಅಲ್ಲಿ ಒಬ್ಬ ಸೀನಿದ್ರೆ ಗೋಡೆ ಅದುರ್ತದೆ. ಗೋಡೌನಲ್ಲಿ ಧೂಳು ತಿಂತಾ ಬಿದ್ದಿದ್ವು." ರಿಸೀವರಿನ ಬೆನ್ನಿನ ತೂತಿನಿಂದ ಒಂದು ವೈರು ತಂದು ಗುಮ್ಮನ ಪೆಟ್ಟಿಗೆಗೆ ಚುಚ್ಚಿದ. ತಾನು ತಂದಿದ್ದ ಡೋಲಿನ ಕ್ಯಾಸೆಟ್ಟು ಹಾಕಿದ. ಪೆಟ್ಟಿಗೆಯ ಬಾಯಿ ಮುಂದಕ್ಕೂ ಹಿಂದಕ್ಕೂ ಆಡುವುದು ಕಾಣುತ್ತಿತ್ತು, ನಮಗೆ ಕೇಳಿದ್ದು ಮಾತ್ರ ಯಾರೋ ಬೆರಳು ಚಿಟಿಕೆ ಹೊಡೆದಂತೆ. ಬಾಗಿಲ ಬಳಿ ನಿಂತಿದ್ದ ಹಮಾಲ ಒಬ್ಬ, "ಕಾಲಡಿ ಏನೋ ಹರಿದ್ಹೋಯ್ತು" ಎಂದು ಹೆಜ್ಜೆ ಎತ್ತಿಕೊಂಡ.

"ಒಂದು ಸಾಲಲ್ಲ," ಎಂದ ಮೆಹಬೂಬಣ್ಣ. "ಹಾಲು ದೊಡ್ಡದು, ಬಾಗಿಲು ಇಳಿಜಾರಿಗೆ. ಒಂದು ನಲ್ಲಿ ಬಿಟ್ಟು ಕೆರೆ ತುಂಬ್ಸೋಕಾಗುತ್ತಾ? ಇನ್ನೂ ಇದಾವೆ, ಕಳಿಸ್ಕೊಡ್ತೀನಿ. ರಿಸೀವರಿಗೆ ಇರೋದು ಒಂದೇ ತೂತು, ಅದಕ್ಕೆ ಈ ಕವಲು ವೈರು ಹಾಕ್ಕೊಳ್ಳಿ, ಒಂದು ಎರಡಾಗುತ್ತೆ." ಪೈಜಾಮದ ಹಾಗೆ ಕವಲೊಡೆದ ಒಂದು ವೈರನ್ನು ಇಂದುಮತಿಯ ಕೈಗಿತ್ತ. ಮೇಲ್ಪೇಟೆಯಲ್ಲಿ ಬಹಳ ಹೊತ್ತು ಇದ್ದರೆ ತನ್ನ ಕಿವಿ ಒಣಗುತ್ತದೆ ಎಂದು ಹೇಳಿ, ಕಾಫಿಗೂ ನಿಲ್ಲದೆ ಇಳಿದುಹೋದ.

ಎರಡನೆಯ ಪೆಟ್ಟಿಗೆ ಬಂತು. ಇಂದುಮತಿ ಅದನ್ನು ಮೊದಲನೆಯದರ ಎದುರಿನ ಗೋಡೆಗೆ ಕೂರಿಸಿ ಕವಲು ವೈರು ಚುಚ್ಚಿದಳು. ದನಿ ಹೊರಗೆ ಹರಿದುಹೋಗದಂತೆ ಇಬ್ಬರೂ ಸೇರಿ ಬಾಗಿಲಿಗೆ ಹಾಸಿಗೆ ಅಡ್ಡ ಇಟ್ಟೆವು. ಡೋಲು ಹಾಕಿದರೆ, ಮೊದಲು ಕೇಳುತ್ತಿದ್ದ ಚಿಟಿಕೆಯೂ ಹೋಯಿತು! ಪೆಟ್ಟಿಗೆಯ ಹತ್ತಿರ ಹೋದರೆ ಹೊಟ್ಟೆಗೆ ಏನೋ ಗುದ್ದಿದಂತೆ, ನಡುವೆ ತಮ್ಮನ ಕುರ್ಚಿಯ ಬಳಿ ಬಂದರೆ ಬಟಾಬಯಲು. ಇಂದುಮತಿ ಅಲ್ಲೂ ಇಲ್ಲೂ ಓಡಾಡಿ, "ಎರಡಿದ್ರೂ ಒಂದಕ್ಕಿಂತ ಕಮ್ಮಿ ಆಗೋದು ಹೆಂಗೆ ಅತ್ತಿಗೆ?" ಎಂದು ಅಳುಮುಖ ಮಾಡಿದಳು.

ನನಗೇನು ಗೊತ್ತು? "ಜಗಳ ಆಡ್ತಿರ್ಬೇಕು" ಎಂದೆ. ಆಮೇಲೆ ನೋಡಿದರೆ ಅದು ನಿಜವೇ ಆಗಿತ್ತು. ಒಂದು ಪೆಟ್ಟಿಗೆ ಉಸಿರು ಬಿಡುವಾಗ ಇನ್ನೊಂದು ಎಳೆದುಕೊಳ್ಳುತ್ತಿತ್ತು. ಒಂದು ಕೊಟ್ಟದ್ದನ್ನು ಇನ್ನೊಂದು ನುಂಗುತ್ತಿತ್ತು. ಅದನ್ನು ಮೊದಲು ಕಂಡವನು ತೊಲೆ ನೋಡಿಕೊಂಡು ಕೂತವನು. ಅವನ ಊರುಗೋಲು ಮೆಲ್ಲಗೆ ಎದ್ದಿತು. ಎರಡನೆಯ ಪೆಟ್ಟಿಗೆಯ ಬೆನ್ನಿನ ಸಣ್ಣ ಗುಂಡಿಯ ಕಡೆ ಚಾಚಿ, ಟಕ್ ಎಂದು ಅದನ್ನು ಆಚೆ ಬದಿಗೆ ನೂಕಿತು. ಎರಡೂ ಪೆಟ್ಟಿಗೆ ಒಟ್ಟಿಗೆ ಉಸಿರು ಬಿಟ್ಟವು, ಡೋಲು ನನ್ನ ಎದೆಯ ಮೂಳೆಯ ಮೇಲೆ ಬಂದು ಕೂತಿತು. ನಾನು ಹೌಹಾರಿ ಸ್ಟೂಲಿನ ಮೇಲೆ ಕುಸಿದೆ. ಇಂದುಮತಿ ಗಂಡನ ಕಡೆ ತಿರುಗುವಷ್ಟರಲ್ಲಿ ಊರುಗೋಲು ತನ್ನ ಜಾಗಕ್ಕೆ ಮರಳಿತ್ತು, ತಮ್ಮ ತೊಲೆಗಳಿಗೆ ಮರಳಿದ್ದ.

"ನೋಡಿದ್ರಾ?" ಎಂದು ಅವಳು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅಂದಿನಿಂದ ಅವಳಿಗೆ ಹುಮ್ಮಸ್ಸು ಬಂತು.

ಎರಡು ಪೆಟ್ಟಿಗೆ ಹೊಂದಿದರೂ ದನಿ ಹಾಲಿನಲ್ಲಿ ಸಮನಾಗಿ ನಿಲ್ಲುತ್ತಿರಲಿಲ್ಲ. ಒಂದು ಮೂಲೆಯಲ್ಲಿ ಕೊಚ್ಚೆಯಂತೆ ಗುಡ್ಡೆಯಾಗುವುದು, ಮತ್ತೊಂದು ಕಡೆ ಒಣಗಿಹೋಗುವುದು. ಮೆಹಬೂಬಣ್ಣ ಕೆಳಗಿನಿಂದ ಉಪಾಯ ಹೇಳಿ ಕಳಿಸಿದ. ಗುಮ್ಮನ ಪೆಟ್ಟಿಗೆಯನ್ನು ಕೇಳುವವರ ಕುರ್ಚಿಯ ಮೇಲೆ ಕೂರಿಸಿ, ಕೇಳುವವರು ನೆಲದ ಮೇಲೆ ಅಂಬೆಗಾಲಿಡುತ್ತ ಹೋಗಬೇಕು, ಎಲ್ಲಿ ದನಿ ತುಂಬಿ ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ.

ತಮ್ಮನನ್ನು ಎತ್ತಿ ಮಂಚಕ್ಕೆ ಹಾಕಿದೆವು. ಅವನ ಆರಾಮಕುರ್ಚಿಯಲ್ಲಿ ಪೆಟ್ಟಿಗೆ ಯಜಮಾನನಂತೆ ಕೂತಿತು. ಇಂದುಮತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಮಂಡಿ ಊರಿದಳು. ನಾನು ಮಂಡಿಯ ನೆಪ ಹೇಳಿದೆ. ಅವಳು, "ದಿಂಬು ಕಟ್ಕೊಳ್ಳಿ ಅತ್ತಿಗೆ, ನಂಗೆ ಎರಡೇ ಕಿವಿ" ಎಂದಳು. ಎರಡೂ ಮಂಡಿಗೆ ದಿಂಬು ಕಟ್ಟಿಕೊಂಡು, ಈ ವಯಸ್ಸಿನಲ್ಲಿ ನಾನೂ ಅಂಬೆಗಾಲಿಟ್ಟೆ. ದನಿ ಒಳ್ಳೆಯದಿದ್ದ ಕಡೆ ಒಂದೊಂದು ರಂಗೋಲಿ ಚುಕ್ಕಿ. ಕಪಾಟಿನ ಬುಡದಲ್ಲಿ ಇಬ್ಬರ ತಲೆಯೂ ಡಿಕ್ಕಿ ಹೊಡೆದವು. ಪಕ್ಕದ ಮನೆಯ ಅನಂತಮತಿ ಸಕ್ಕರೆ ಕೇಳಲು ಬಂದವಳು ಕಿಟಕಿಯಿಂದ ಇಣುಕಿ, ಏನು ತಿಳಿದುಕೊಂಡಳೋ, ಸಕ್ಕರೆ ಬೇಡವೆಂದು ಹೋದಳು. ಮಂಚದ ಕಡೆಯಿಂದ ಕಿಸಕ್ ಎಂದು ಒಂದು ಸದ್ದು ಬಂತು. ತಿರುಗಿ ನೋಡಿದರೆ ತಮ್ಮ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಿದ್ದ, ಹೊದಿಕೆ ಕುಲುಕುತ್ತಿತ್ತು.

ಕೊನೆಗೆ ಉಳಿದದ್ದು ನಾಲ್ಕು ಚುಕ್ಕಿ. ಅಂದರೆ ನಾಲ್ಕು ಪೆಟ್ಟಿಗೆ. ಇನ್ನೆರಡು ಬಂದವು. ಕವಲು ವೈರಿನಿಂದ ಎರಡಕ್ಕೆ, ಆ ಎರಡರ ಬೆನ್ನಿನಿಂದ ಮತ್ತೆರಡಕ್ಕೆ, ರೈಲು ಡಬ್ಬಿಯಂತೆ ಒಂದಕ್ಕೊಂದು ಕೊಂಡಿ ಹಾಕಿದೆವು. ಆಮೇಲೆ ಇಂದುಮತಿ ಒಂದೊಂದರ ಗುಂಡಿ ತಿರುಗಿಸಿ ನಾಲ್ಕೂ ಒಂದೇ ಸಮ ಗುಮ್ಮೆನ್ನುವಂತೆ ಮಾಡಿದಳು. ಮೂರನೆಯದು ಅಡುಗೆಮನೆ ಬಾಗಿಲ ಪಕ್ಕ ಬಂದಿತ್ತು, ಅದರ ನೆತ್ತಿಗೆ ಸರಿಯಾಗಿ ಉಪ್ಪಿನಕಾಯಿ ಜಾಡಿಗಳ ಹಲಗೆ. ಅದನ್ನು ನಾವಿಬ್ಬರೂ ಯೋಚಿಸಲಿಲ್ಲ.

ಅಂದು ಮಧ್ಯಾಹ್ನ ತಮ್ಮನನ್ನು ಮತ್ತೆ ಕುರ್ಚಿಗೆ ತಂದು ಕೂರಿಸಿ, ಅವನ ಗಲ್ಲದ ಮುಂದೆ ಸ್ಟ್ಯಾಂಡಿಗೆ ಮೈಕು ಸಿಕ್ಕಿಸಿದಳು. "ಒಂದೇ ಒಂದು ಮಾತು ರೀ," ಎಂದಳು. ಅವನು ಮುಖ ತಿರುಗಿಸಿದ. ಅವಳು ಮೈಕನ್ನು ಆ ಕಡೆಗೆ ಸರಿಸಿದಳು. ಅವನು ಈ ಕಡೆ ತಿರುಗಿದ. ಮೈಕು ಈ ಕಡೆ ಬಂತು. ಸಾಕಾಗಿ ಅವಳು ಮೈಕನ್ನು ಅಲ್ಲೇ ಬಿಟ್ಟು, "ಹೋಗ್ಲಿ, ಸಿನಿಮಾ ಆದ್ರೂ ನೋಡೋಣ" ಎಂದು ಒಂದು ಬಿರುಗಾಳಿಯ ಸಿನಿಮಾ ಹಾಕಿದಳು.

ಮೇಲ್ಪೇಟೆಯಲ್ಲಿ ಹುಟ್ಟಿ ಬೆಳೆದ ನಾನು ಗುಡುಗನ್ನು ಹೊಟ್ಟೆಯಿಂದ ಕೇಳಿದ್ದು ಅಂದೇ. ಅದು ಮೊದಲು ನೆಲದಿಂದ ಅಂಗಾಲಿಗೆ ಬಂತು, ಆಮೇಲೆ ಸೊಂಟಕ್ಕೆ, ಆಮೇಲೆ ಹಲ್ಲಿಗೆ. ತಟ್ಟೆಯಲ್ಲಿ ಆರಿಸಲು ಇಟ್ಟಿದ್ದ ಅಕ್ಕಿ ತಾನಾಗಿ ಗೆರೆ ಗೆರೆಯಾಗಿ ಸರಿದಾಡಿತು. ಕಿಟಕಿಯಲ್ಲಿ ಅನಂತಮತಿಯ ಮುಖ, ಅವಳ ಹಿಂದೆ ಇನ್ನಷ್ಟು ಮುಖ, ಎಲ್ಲರ ಕೈಯೂ ಎದೆಯ ಮೇಲೆ. "ಅಯ್ಯಯ್ಯೋ, ಒಳಗೇ ಬಂತಲ್ಲೇ!" ಎಂದು ಯಾರೋ ಕಿರುಚಿದರು. ಇಂದುಮತಿ ಎಲ್ಲರಿಗೂ ಕಾಫಿ ಇಡಲು ಅಡುಗೆಮನೆಯ ಬಾಗಿಲಿಗೆ ಬಂದಳು. ಹಲಗೆಯ ಮೇಲೆ ಮಾವಿನಕಾಯಿ ಜಾಡಿ ಗುಡುಗಿನ ತಾಳಕ್ಕೆ ಇಷ್ಟಿಷ್ಟೇ ಮುಂದೆ ಬರುತ್ತಿತ್ತು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ. ಕಂಡದ್ದು ಒಬ್ಬನಿಗೆ.

"ಇಂದೂ, ಆಚೆ ಸರೀ!"

ನಾಲ್ಕು ಮೂಲೆಯಿಂದಲೂ ಒಟ್ಟಿಗೆ ಬಂತು. ಗುಡುಗು ಅದರ ಮುಂದೆ ಏನೂ ಅಲ್ಲ. ಬೆಚ್ಚಗೆ, ಅಗಲವಾಗಿ, ಕಂಬಳಿ ಬೀಸಿ ಹೊದಿಸಿದ ಹಾಗೆ. ಇಂದುಮತಿ ಸರಿಯಲಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿದಳು. ಜಾಡಿ ಅವಳ ಕಾಲ ಪಕ್ಕಕ್ಕೆ ಬಿದ್ದು ಒಡೆಯಿತು. ಎಣ್ಣೆ, ಮೆಂತ್ಯ, ಹೋಳು ಎಲ್ಲ ಸೀರೆಯ ಅಂಚಿಗೆ ಸಿಡಿದವು.

"ಸರಿ ಅಂದ್ರೆ ನಿಂತ್ಕೋತಾಳಲ್ಲ, ಕಿವುಡೀನಾ?" ಎಂದು ಅವನು ರೇಗಿದ. ಅದೂ ನಾಲ್ಕು ಮೂಲೆಯಿಂದ ಬಂತು. ಆಗ ಅವನಿಗೆ ತನ್ನ ದನಿ ತನಗೇ ಕೇಳಿ, ಗಾಬರಿಯಾಗಿ ಮೈಕನ್ನು ಅಂಗೈಯಿಂದ ಮುಚ್ಚಿಕೊಂಡ.

ಇಂದುಮತಿ ಉಪ್ಪಿನಕಾಯಿ ದಾಟಿಕೊಂಡು ಬಂದು ಅವನ ಪ್ಲಾಸ್ಟರಿನ ಪಕ್ಕ ಕೂತು, ಮೈಕಿನ ಮೇಲಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇನ್ನೊಂದ್ಸಲ ಬೈಯ್ರಿ."

"ಸೊಳ್ಳೆ ಏನ್ ಬೈಯುತ್ತೆ?" ಎಂದ. ಇಡೀ ಮನೆ ಸೊಳ್ಳೆ ಎಂದು ಮೊಳಗಿತು. ಅಷ್ಟು ದೊಡ್ಡ ಸೊಳ್ಳೆಯನ್ನು ಯಾರೂ ಕೇಳಿರಲಿಲ್ಲ. ಕಿಟಕಿಯಲ್ಲಿದ್ದವರು ಗೊಳ್ಳೆಂದರು. ಇಂದುಮತಿ ನಗುತ್ತಲೇ ಅತ್ತಳು, ಅಳುತ್ತಲೇ ಸೀರೆಯಿಂದ ಮೆಂತ್ಯದ ಕಾಳು ತೆಗೆದಳು. "ಅವತ್ತು ನಾನಂದಿದ್ದು ನಿಮ್ಮನ್ನಲ್ಲ," ಎಂದಳು. "ನಂಗೆ ಭಾನುವಾರ ಬೇಕಾಗಿತ್ತು. ಅದನ್ನ ಹೇಳೋಕೆ ಬರ್ಲಿಲ್ಲ."

"ನಂಗೂ ಬೇಕಾಗಿತ್ತು ಕಣೇ," ಎಂದ ಅವನು. ಮೈಕಿನಿಂದ ಬಾಯಿ ದೂರ ಸರಿಸಿ ಹೇಳಿದ್ದರಿಂದ ಅದು ಕೀರಲಾಗಿಯೇ ಬಂತು. ನಾನು ಕಿಟಕಿಯ ಪರದೆ ಎಳೆದೆ.

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿಲ್ಲ. ಬೆಳಿಗ್ಗೆ ಪೇಪರು, ಮಧ್ಯಾಹ್ನ ಪಂಚಾಂಗ, ಎರಡೂ ಮುಗಿದರೆ ಮಾತ್ರೆ ಡಬ್ಬಿಯ ಮೇಲಿನ ಬರಹ. ಮೇಲ್ಪೇಟೆಯ ಗಂಡಸರೆಲ್ಲ ಸರದಿಯಲ್ಲಿ ಬಂದು ಮೈಕಿನ ಮುಂದೆ ತಮ್ಮ ಹೆಸರು ಹೇಳಿಕೊಂಡು, ಕೆಂಪಾಗಿ, ಇನ್ನೊಮ್ಮೆ ಹೇಳಲೇ ಎಂದು ಕೇಳಿ ಹೋಗುವರು. ಕೆಲವರ ಹೆಂಡತಿಯರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಗಂಡನ ಕಡೆ ಹೊಸಬನನ್ನು ನೋಡಿದಂತೆ ನೋಡಿದ್ದನ್ನು ನಾನೇ ಕಂಡಿದ್ದೇನೆ. ಇಂದುಮತಿ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುವಳು, ಟೆಂಡರುಗಳಿಗೆ ತಲೆದೂಗುವಳು.

ನನ್ನ ವಿಷಯ ಯಾರಿಗೂ ಹೊಳೆಯಲಿಲ್ಲ. ಅವನು ಹೆಂಡತಿಗೆ ಓದಿದ, ನೆರೆಯವರಿಗೆ ಓದಿದ. ನನ್ನೊಡನೆ ಮಾತಾಡುವಾಗ ಮೈಕಿನ ಅಗತ್ಯವಿದೆ ಎಂದು ಅವನಿಗೆ ಅನ್ನಿಸಲಿಲ್ಲ, ಅಕ್ಕನಲ್ಲವೇ, ಹೇಗೆ ಕರೆದರೂ ಬರುತ್ತಾಳೆ. ಒಂದು ಸಂಜೆ ಇಂದುಮತಿ ತವರಿಗೆ ಹೋಗಿದ್ದಾಗ ನಾನು ನಾಲ್ಕೂ ಪೆಟ್ಟಿಗೆಗಳ ಧೂಳು ಒರೆಸಿದೆ. ಒರೆಸುವುದು ಮುಗಿದ ಮೇಲೂ ಒರೆಸಿದೆ.

"ಏನಕ್ಕ, ಏನಾದ್ರೂ ಬೇಕಾ?" ಎಂದ ತನ್ನ ಕೀರಲಿನಲ್ಲಿ.

"ಏನಿಲ್ಲ. ಇದರಲ್ಲಿ... ನನ್ನನ್ನ ಒಂದ್ಸಲ ಕರಿ ನೋಡೋಣ."

ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಾನೆ ಅಂದುಕೊಂಡೆ, ಮಾಡಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು ಗಂಟಲು ಸರಿಮಾಡಿಕೊಂಡ. ನಾನು ಹಾಲಿನ ನಡುವೆ, ಬರಿಗಾಲಲ್ಲಿ ನಿಂತುಕೊಂಡೆ.

"ಅಕ್ಕಾ."

ಅದು ಅಂಗಾಲಿನಿಂದ ಹತ್ತಿ, ನೋವಿದ್ದ ಮಂಡಿಯನ್ನು ಹಾದು, ಎದೆಯವರೆಗೆ ಬಂದು ನಿಂತಿತು. ನಾನು ಎತ್ತಿ ಆಡಿಸಿದ ಹುಡುಗ ಇಷ್ಟು ದೊಡ್ಡವನಾಗಿದ್ದಾನೆಂದು ನನಗೆ ಗೊತ್ತೇ ಇರಲಿಲ್ಲ. ಓಗೊಡಲು ಬಾಯಿ ತೆರೆದೆ. ಅಷ್ಟರಲ್ಲಿ ದನಿ ಹಾಸಿಗೆಯನ್ನು ಹಾದು, ಹೊಸ್ತಿಲು ದಾಟಿ, ಮೆಟ್ಟಿಲಿಳಿದುಹೋಯಿತು. ಆಮೇಲೆ ಕೆಳಪೇಟೆಯಿಂದ, ಒಂದೊಂದು ಮನೆಯ ಬಾಗಿಲಿನಿಂದ, ತೆಳ್ಳಗೆ, ಒಂದರ ಹಿಂದೊಂದು ಮೇಲೆ ಬಂದವು: "ಏನೋ?" "ಏನಪ್ಪಾ?" "ಬಂದೆ, ಇರೋ!" "ಯಾರೋ ಅದು, ಏನಾಯ್ತೋ?"

ಕೆಳಪೇಟೆಯ ಅಕ್ಕಂದಿರೆಲ್ಲ ಹೊರಗೆ ಬಂದು ನಿಂತಿದ್ದರು. ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕಣ್ಣರಳಿಸಿದ. ನಾನು ಬಾಗಿಲಿಗೆ ಓಡಿದೆ. "ನಿಮ್ಮನ್ನಲ್ಲ ಕಣ್ರೇ, ನನ್ನನ್ನ!" ಎಂದು ಕೂಗಿದೆ. ನನ್ನದು ತೆಳು ದನಿ, ಕೆಳಗೆ ಇಳಿಯಲಿಲ್ಲ. ಅವರು ಓಗೊಡುತ್ತಲೇ ಇದ್ದರು.